ಮಣ್ಣಿಗೆ ಬಂದವರ ಲೆಕ್ಕ

ಗಣಕಯಂತ್ರದ ಮುಂದೆ ಕುಳಿತು ಊರು ಕಟ್ಟುವ ವಿದ್ಯೆಯನ್ನು ಅಭ್ಯಾಸಮಾಡುತ್ತಿರುವ ತರುಣ ಮಿತ್ರರೆ,

ಕಲ್ಪಿತ ಜನಪದವೊಂದನ್ನು ಆಟದೊಳಗೆ ನಿರ್ಮಿಸುವವರು ಅಲ್ಲಿ ಅಂತ್ಯಸಂಸ್ಕಾರವನ್ನೂ ಅದನ್ನು ನಡೆಸುವ ಗುರುವರ್ಗವನ್ನೂ ಯಾವ ಬಗೆಯಲ್ಲಿ ಸೇರಿಸತಕ್ಕದ್ದು ಎಂಬ ವಿಚಾರಕ್ಕಾಗಿ ಹಾನಗಲ್ಲಿನಲ್ಲಿ ನೆರೆದಿರುವ ಈ ಗೋಷ್ಠಿಗೆ, ಆಟವೆಂದರೆ ಚೌಕಾಬಾರ, ಹುಲಿಕಟ್ಟು, ಚಿಣಿಪಣಿ ಇಷ್ಟೇ ಎಂದು ತಿಳಿದು ಬೆಳೆದ ನನ್ನಂಥ ವೃದ್ಧನನ್ನು ಆಶಯ ಭಾಷಣಕ್ಕೆ ಕರೆದದ್ದು ನಿಮ್ಮ ಧೈರ್ಯವೇ ಸರಿ. ನನ್ನ ಅಧಿಕಾರವೇನಿದ್ದರೂ ಎರಡೇ: ಈ ಸೀಮೆಯ ಕಲ್ಲುಗಳ ಮುಂದೆ ಬಹುಕಾಲ ನಿಂತಿದ್ದೇನೆ, ಬಹು ಜನರ ಮಣ್ಣಿಗೆ ಹೋಗಿ ಬಂದಿದ್ದೇನೆ.

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಮೊಮ್ಮಗ ‘ಸಿಟೀಸ್: ಸ್ಕೈಲೈನ್ಸ್’ ಎಂಬ 2015ರ ಆಟದಲ್ಲಿ ನಗರವೊಂದನ್ನು ಕಟ್ಟುತ್ತಿದ್ದ. ಬಡಾವಣೆಯೊಂದು ಒಮ್ಮೆಗೇ ತುಂಬಿದರೆ ಅಲ್ಲಿ ಸೇರಿದವರೆಲ್ಲ ಹೆಚ್ಚುಕಡಮೆ ಸಮವಯಸ್ಕರಾಗಿದ್ದು, ಕಾಲಾಂತರದಲ್ಲಿ ಎಲ್ಲರೂ ಒಟ್ಟಿಗೆ ಮುಪ್ಪಾಗಿ ಒಟ್ಟಿಗೆ ಸಾಯುವುದು ಆ ಆಟದಲ್ಲಿ ಪ್ರಸಿದ್ಧವಾದ ಆಪತ್ತಂತೆ. ಮನೆಮನೆಯ ಮೇಲೆ ತಲೆಬುರುಡೆಯ ಗುರುತು ಎದ್ದಿತು. ‘ಅಜ್ಜಾ, ಹೆಣದ ಗಾಡಿ ಸಾಲವಲ್ಲವು, ಇನ್ನೊಂದು ಸುಡಗಾಡು ಕಟ್ಟಬೇಕು’ ಎಂದ. ‘ಮಣ್ಣಿಗೆ ಯಾರ್ಯಾರು ಬರತಾರಪಾ?’ ಎಂದು ಕೇಳಿದೆ. ‘ಯಾರೂ ಬರೂದಿಲ್ಲಜ್ಜಾ, ಗಾಡಿ ಬರತೈತಿ.’

ನಾನು ಇಂದು ಹೇಳಬೇಕಾದುದೆಲ್ಲವೂ ಆ ಬಾಲಕನ ಉತ್ತರದಲ್ಲಿಯೇ ಅಡಗಿದೆ. ನಮ್ಮ ಕಡೆ ಸತ್ತವನನ್ನು ಎಲ್ಲಿ ಹೂಳಿದರೆಂದು ಯಾರೂ ವಿಚಾರಿಸುವುದಿಲ್ಲ. ‘ಮಂದಿ ಎಷ್ಟು ಕೂಡಿತ್ತು?’ ಎಂದು ವಿಚಾರಿಸುತ್ತಾರೆ. ಆಟದ ಶಿಲ್ಪಿಗಳು ಮರಣವನ್ನು ಸ್ಥಳದ ಪ್ರಶ್ನೆಯೆಂದು ಎಣಿಸಿದ್ದಾರೆ. ಅದಾದರೋ ಋಣದ ಪ್ರಶ್ನೆ.

ಋಣವೆಂದೆನಷ್ಟೆ, ಅದನ್ನು ಕಣ್ಣಾರೆ ಕಂಡ ಒಂದು ರಾತ್ರಿಯನ್ನು ಹೇಳುತ್ತೇನೆ. ನಾನು ಹತ್ತು ವರ್ಷದವನಿದ್ದಾಗ, ಹಿರೇಕೆರೂರ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಬದಿಮನೆಯ ಮುದುಕಿ ತೀರಿಕೊಂಡಳು. ಹೆಣವನ್ನು ಮಲಗಿಸಲಿಲ್ಲ, ಪಡಸಾಲೆಯ ಗೋಡೆಗೆ ಆನಿಸಿ, ಪದ್ಮಾಸನದಲ್ಲಿ ಕೂಡಿಸಿ, ತಲೆ ಬಾಗದಂತೆ ಅರಿವೆಯಿಂದ ಗೋಡೆಯ ಗೂಟಕ್ಕೆ ಬಿಗಿದು, ಹಣೆಗೆ ವಿಭೂತಿ ಬಳಿದು ಮುಂದೆ ದೀಪವಿಟ್ಟರು. ಬೆಳತನಕ ಭಜನೆ. ಆ ಮನೆಯ ಒಲೆ ಹೊತ್ತಲಿಲ್ಲ. ನಮ್ಮ ತಾಯಿ ರೊಟ್ಟಿ, ಪುಂಡಿಪಲ್ಲೆ ಮಾಡಿ ಬುಟ್ಟಿಯಲ್ಲಿಟ್ಟುಕೊಂಡು ಹೋದಳು. ಹೆಂಗಸರು ಹಾಡಿಕೊಂಡು ಅಳುತ್ತ, ಆಕೆ ಯಾರ ಬಾಣಂತನ ಮಾಡಿದ್ದಳು, ಬರಗಾಲದಲ್ಲಿ ಯಾರಿಗೆ ಸೇರು ಜೋಳ ಅಳೆದಿದ್ದಳು ಎಂಬುದನ್ನೆಲ್ಲ ಒಂದೊಂದಾಗಿ ಎತ್ತಿ ಹೇಳಿದರು; ಜಗಳವಾಡಿದ್ದನ್ನೂ ಬಿಡಲಿಲ್ಲ. ಬೆಳಿಗ್ಗೆ ಅಯ್ನೋರು, ಎಂದರೆ ಊರಿನ ಮಠಪತಿಯಾದ ಜಂಗಮರು, ಬಂದರು. ಅವರ ಪಾದ ತೊಳೆದ ನೀರನ್ನು ಹೆಣಕ್ಕೆ ಪ್ರೋಕ್ಷಿಸಿದ ಮೇಲೆ, ಅವರು ತಮ್ಮ ಬಲಗಾಲನ್ನು ಮುದುಕಿಯ ನೆತ್ತಿಯ ಮೇಲೆ ಮೆಲ್ಲನೆ ಇರಿಸಿದರು. ಬಾಳೆಕಂಬದ ವಿಮಾನ, ಶಂಖ, ಜಾಗಟೆ. ಕುಣಿಯ ಒಳಬದಿಯ ಗೂಡಿನಲ್ಲಿ ಆಕೆಯನ್ನು ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪತ್ರಿ ಭಸ್ಮ ತುಂಬಿ, ಎಲ್ಲರೂ ಹಿಡಿಮಣ್ಣು ಹಾಕಿದರು. ನಾನೂ ಹಾಕಿದೆ.

ಆ ಅಯ್ನೋರನ್ನು ಅಲ್ಲಿಗೆ ನೇಮಿಸಿದವರಾರು? 2014ರ ‘ಬ್ಯಾನಿಷ್ಡ್’ ಎಂಬ ಆಟದಲ್ಲಿ ಪ್ರಾರ್ಥನಾಮಂದಿರವನ್ನು ಕಟ್ಟಿ ಒಂದು ಗುಂಡಿ ಒತ್ತಿದರೆ ನಿನ್ನೆ ಮೀನು ಹಿಡಿಯುತ್ತಿದ್ದವನು ಇಂದು ಧರ್ಮಗುರುವಾಗಿ ನಿಲ್ಲುತ್ತಾನೆ, ಜನರ ಸಂತೋಷದ ಅಂಕ ಏರುತ್ತದೆ. ನಮ್ಮ ಊರಿನ ಮಠಪತಿಯಾದರೋ ಆ ಮನೆಗೆ ತಲೆಮಾರುಗಳಿಂದ ಅಂಟಿಕೊಂಡವನು. ಸುಗ್ಗಿಯ ಕಣದಲ್ಲಿ ಅವನ ಪಾಲು ಅವನಿಗೆ ಸಂದಿದ್ದರಿಂದಲೇ, ಮಳೆಯಿರಲಿ, ಮನಸ್ತಾಪವಿರಲಿ, ಅಂದು ಬರದೆ ಇರುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಗುರುವನ್ನು ಕಟ್ಟಡದ ನೌಕರನನ್ನಾಗಿ ಮಾಡಬೇಡಿ. ಮನೆಮನೆಗೂ ಅವನಿಗೂ ನಡುವೆ ಒಂದು ಕೊಡುಕೊಳೆಯ ಎಳೆಯನ್ನು ಹಾಕಿ, ಅದು ಹರಿದಾಗ ಏನಾಗುವುದೋ ನೋಡಿ.

ಆದರೆ ಈ ಚಿತ್ರಕ್ಕೆ ಬೆನ್ನೂ ಒಂದಿದೆ, ಅದನ್ನು ಮುಚ್ಚಿಟ್ಟರೆ ನಾನು ಸುಳ್ಳುಗಾರನಾದೇನು. ಸುದ್ದಿ ಮುಟ್ಟಿಸಲು ಅಪರಾತ್ರಿಯಲ್ಲಿ ಹರದಾರಿ ನಡೆದವನೂ, ಕುಣಿ ತೋಡಿದವನೂ, ಹಲಗೆ ಬಾರಿಸಿದವನೂ ಇದೇ ವ್ಯವಸ್ಥೆಯವರೆ. ಅವರಿಗೆ ಒಲ್ಲೆನೆನ್ನುವ ಅಧಿಕಾರವಿರಲಿಲ್ಲ, ಅವರ ಮನೆಯ ಮಣ್ಣಿಗೆ ಊರು ಕೂಡುತ್ತಲೂ ಇರಲಿಲ್ಲ. ಋಣವನ್ನು ಆಟದಲ್ಲಿ ತರುವವರು ಋಣದ ಈ ಅನ್ಯಾಯವನ್ನೂ ತರಬೇಕು. ಇಲ್ಲವಾದರೆ ಅದು ಗ್ರಾಮಜೀವನದ ಕ್ಯಾಲೆಂಡರ್ ಚಿತ್ರವಾಗುತ್ತದೆ.

ಗುರುವಾಗುವುದಕ್ಕೆ ಹಿಡಿಯುವ ಕಾಲವೂ ವಿಚಾರಾರ್ಹವಾದುದು. ಇದೇ ಹಾನಗಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಡದಲ್ಲಿ, ಶಿವಯೋಗಮಂದಿರವನ್ನು ಸ್ಥಾಪಿಸಿದ್ದು, ಮಠಗಳಿಗೆ ವಿದ್ಯಾವಂತರಾದ ಗುರುಗಳು ದೊರೆಯಬೇಕೆಂಬ ಹಂಬಲದಿಂದ. ಬಾಲಕರಾಗಿ ಬಂದ ವಟುಗಳು ಸಂಸ್ಕೃತ, ಯೋಗ, ವಚನಗಳಲ್ಲಿ ವರ್ಷಗಟ್ಟಲೆ ಪಳಗಿದರು. ಅಲ್ಲಿಯೇ ಗೋವುಗಳನ್ನು ಸಾಕಿ, ಸಗಣಿಯನ್ನು ಸುಟ್ಟು ವಿಭೂತಿಯ ಗಟ್ಟಿಗಳನ್ನು ಸಿದ್ಧಪಡಿಸುವ ಪದ್ಧತಿಯೂ ಬೆಳೆಯಿತು. 1999ರ ‘ಫೇರೋ’ ಎಂಬ ಆಟದಲ್ಲಿ ಶವಸಂಸ್ಕಾರದ ಮನೆ ನಡೆಯಬೇಕಾದರೆ ನಾರುಬಟ್ಟೆಯ ಪೂರೈಕೆ ಬೇಕಂತೆ. ಆ ಶಿಲ್ಪಿಗಳು ಬುದ್ಧಿವಂತರು. ಹೆಣದ ಹಣೆಯ ಮೇಲಿನ ಮೂರು ಗೆರೆಗಳ ಹಿಂದೆ ಒಂದು ಕೊಟ್ಟಿಗೆಯಿದೆ, ಒಂದು ಹುಲ್ಲುಗಾವಲಿದೆ.

ಆಟಗಳನ್ನೆಲ್ಲ ನಾನು ಹೀಗಳೆಯುತ್ತಿರುವೆನೆಂದು ಭಾವಿಸಬಾರದು. ಅಮೆರಿಕೆಯ ಸೋದರರಿಬ್ಬರು 2006ರಲ್ಲಿ ಹೊರತಂದು ಇಂದಿಗೂ ಬೆಳೆಸುತ್ತಿರುವ ‘ಡ್ವಾರ್ಫ್ ಫೋರ್ಟ್ರೆಸ್’ನಲ್ಲಿ ಹೂಳದೆ ಬಿಟ್ಟ ಕುಬ್ಜನು ದೆವ್ವವಾಗಿ ತಿರುಗುತ್ತಾನೆ, ದೇಹವೇ ಸಿಕ್ಕದಿದ್ದರೆ ಅವನ ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸಿದರೂ ಸಾಕು, ಶಾಂತನಾಗುತ್ತಾನೆ. ಇದನ್ನು ಕೇಳಿದಾಗ ನನಗೆ ನಗು ಬಂತು, ಅನಂತರ ಆಶ್ಚರ್ಯ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಈ ಊರನ್ನು ಮುತ್ತಿ ಹಿಮ್ಮೆಟ್ಟಬೇಕಾಯಿತು. ಅಂಥ ಕಾಳಗಗಳಲ್ಲಿ ಮಡಿದವರ ದೇಹ ಎಲ್ಲಿಯೋ, ಕಲ್ಲು ಊರಲ್ಲಿ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಮಡಿದ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಲ್ಲಿ ಲಿಂಗದ ಬದಿಗೆ ಪೂಜೆ ಮಾಡುವ ಗುರು. ಶಿಲ್ಪಿಗೆ ಅವನಿಲ್ಲದೆ ಕಥೆ ಮುಗಿಯಲಿಲ್ಲ.

ಸಾವಿಗೆ ಮುನ್ನವೇ ಗುರು ಬೇಕಾದ ಪಕ್ಷವೂ ಉಂಟು. ಶಿಗ್ಗಾವಿ ತಾಲೂಕಿನ ಬಂಕಾಪುರದಲ್ಲಿ ಕ್ರಿ.ಶ. 974ರ ಸುಮಾರಿಗೆ ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ, ಆಹಾರವನ್ನು ತೊರೆದು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನವ್ರತವನ್ನು ನಡೆಸಿ ದೇಹವನ್ನು ಬಿಟ್ಟ ಸಂಗತಿಯನ್ನು ಶ್ರವಣಬೆಳಗೊಳದ ಕಂಬವೊಂದು ಹೇಳುತ್ತದೆ. ಇಲ್ಲಿ ಗುರುವು ಶವಸಂಸ್ಕಾರದವನಲ್ಲ, ಮರಣದ ಸಾಕ್ಷಿ. ಇನ್ನು ಸವಣೂರಿನಲ್ಲಾದರೆ ನವಾಬರ ಊರಿನ ಗೋರಿಗಳೂ ಮಾಧ್ವಯತಿ ಸತ್ಯಬೋಧತೀರ್ಥರ ಬೃಂದಾವನವೂ ಒಂದೇ ಪೇಟೆಯವು. ಊರೊಂದಕ್ಕೆ ಧರ್ಮವೊಂದು ಎಂದು ಆಯ್ಕೆ ಕೊಡುವ ಆಟಕ್ಕೆ ಆ ಪೇಟೆ ಹಿಡಿಸಲಾರದು.

ಶಿಶುನಾಳದ ಗದ್ದುಗೆಯಂತೂ ಹಿಡಿಸುವುದೇ ಇಲ್ಲ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಬ್ರಾಹ್ಮಣ ಗೋವಿಂದಭಟ್ಟರ ಶಿಷ್ಯರಾದ ಸಂತ ಷರೀಫರು, 1889ರಲ್ಲಿ ತಮ್ಮ ಅಂತ್ಯಕಾಲದಲ್ಲಿ ಜಂಗಮರೊಬ್ಬರ ಪಾದವನ್ನು ಶಿರಸ್ಸಿನ ಮೇಲೆ ಇರಿಸಿಕೊಂಡರೆಂದು ಪರಂಪರೆ ಹೇಳುತ್ತದೆ. ಅವರ ಮಣ್ಣಿನಲ್ಲಿ ಒಂದು ಬದಿಗೆ ಕುರಾನಿನ ಪಠಣ, ಇನ್ನೊಂದು ಬದಿಗೆ ಮಂತ್ರ ನಡೆದವಂತೆ. ನಿಮ್ಮ ಯಂತ್ರದಲ್ಲಿ ಅವರ ಹೆಸರಿನ ಮುಂದೆ ‘ಧರ್ಮ’ ಎಂಬ ಒಂದೇ ಖಾನೆಯಿದ್ದರೆ ಅದರಲ್ಲಿ ಏನು ತುಂಬುವಿರಿ? ಎರಡನ್ನೂ ತುಂಬಿದರೆ ಎರಡು ಗುಂಪಿನ ಗುರುಗಳೂ ಹೊರಡುತ್ತಾರೆ; ದಾರಿಯಲ್ಲಿ ಎದುರಾಗುತ್ತಾರೆ; ಆಗ ಆಟ ಏನು ಮಾಡಬೇಕು? ಇದನ್ನು ಬಿಡಿಸುವ ಬುದ್ಧಿ ನಿಮ್ಮದು, ನನ್ನದಲ್ಲ.

ಮಧ್ಯಾಹ್ನದ ಊಟದ ನಂತರ ಇದೇ ಊರಿನ ತಾರಕೇಶ್ವರ ಗುಡಿಗೆ ಹೋಗುವವರಿದ್ದೀರಿ. ಗುಡಿಯ ಛತ್ತಿನ ಭುವನೇಶ್ವರಿಯನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ನೀವೂ ನೋಡಿ. ಆಮೇಲೆ ಆವರಣದ ವೀರಗಲ್ಲುಗಳ ಬಳಿ ಸ್ವಲ್ಪ ಬಾಗಿ, ಮೇಲಿನ ಪಟ್ಟಿಕೆಯ ಗುರುವಿನ ಕೈಯಲ್ಲಿ ಏನಿದೆಯೆಂದು ಬರೆದುಕೊಂಡು ಬನ್ನಿ. ಬಿಸಿಲು ಇಳಿಯುವ ಹೊತ್ತಿಗೆ ಓರೆ ಬೆಳಕಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.