ಬೆಳಗಿನ ರೈಲಿನ ರೋಗಿ



ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿಹೋಗಿರುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಹುಡುಗ ಹುಡುಗಿಯರಿಗೆ ಅನ್ನದ ದಾರಿ ಇದೇ, ಬೆಂಗಳೂರಿನ ಕೆಲಸ. ಅದೇ ಬೋಗಿಯಲ್ಲಿ ಕೆಲವರು ಹೊರಟಿರುವುದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ.

ಇಪ್ಪತ್ತೆರಡರ ಹುಡುಗ, ಜೊತೆಗೆ ಅಪ್ಪ. ರಿಪೋರ್ಟುಗಳೆಲ್ಲ ಅಪ್ಪನ ಚೀಲದಲ್ಲಿ. ವೈದ್ಯರ ಮುಂದೆ ಮಗ ಕೂತರೆ, ಬೆನ್ನ ಹಿಂದೆ ನಿಂತ ಅಪ್ಪ ತುಟಿಯ ಮೇಲೆ ಬೆರಳಿಟ್ಟು ಕೈಮುಗಿಯುತ್ತಾರೆ: ಹೇಳಬೇಡಿ ಸಾರ್. ಇದನ್ನು ಕಂಡಿರದ ಕ್ಯಾನ್ಸರ್ ವೈದ್ಯರು ನಮ್ಮಲ್ಲಿ ಇರಲಾರರು. ಅದರಲ್ಲಿರುವುದು ಬರೀ ಪ್ರೀತಿ, ನಿಜ. ಆದರೆ ನಮ್ಮ ಕಡೆ 'ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ' ಅಂದ ಮೇಲೆ ಕಾಯಿಲೆಯ ಹೆಸರನ್ನು ಬೇರೆ ಹೇಳಬೇಕೇ? 1973ರಿಂದ ಆ ಆಸ್ಪತ್ರೆ ಇರುವುದೇ ಅದಕ್ಕೆ. ಹುಡುಗನಿಗೆ ಗೊತ್ತಿರುತ್ತದೆ. ಅಪ್ಪ ಕುಸಿದಾರೆಂದು ಅವನೂ ಬಾಯಿ ಬಿಡುವುದಿಲ್ಲ.

ಹೀಗೆ ಸುಮ್ಮನಿದ್ದರೆ ಒಂದು ಗಡುವು ಮೀರಿಹೋಗುತ್ತದೆ. ಕಿಮೋಥೆರಪಿಯ ಕೆಲವು ಔಷಧಗಳು ಮಕ್ಕಳಾಗುವ ಶಕ್ತಿಯನ್ನೇ ಕುಂದಿಸಬಲ್ಲವು. ಮೊದಲ ಡ್ರಿಪ್ ಹಾಕುವ ಮುಂಚೆಯೇ ವೀರ್ಯವನ್ನು ಘನೀಕರಿಸಿ ಕಾಪಿಡಬಹುದು. ಹೆಣ್ಣುಮಕ್ಕಳ ಅಂಡಾಣುವನ್ನೂ ಕಾಪಿಡಬಹುದು. ಅದಕ್ಕೆ ಸುಮಾರು ಎರಡು ವಾರ ಬೇಕು, ದುಡ್ಡೂ ಹೆಚ್ಚು. ಕಾಯಿಲೆಯ ಹೆಸರನ್ನೇ ಹೇಳದೆ, 'ಮುಂದೆ ಮಕ್ಕಳು ಬೇಕೆನಿಸಬಹುದಲ್ಲವಾ?' ಎಂದು ಕೇಳುವುದು ಹೇಗೆ? ಅಪ್ಪನ ಎದುರಿಗೆ ಕೇಳಿದರೆ ಅವನು ಏನು ತಾನೇ ಹೇಳಿಯಾನು? ಈ ವಯಸ್ಸಿನವರಲ್ಲಿ ಕಾಣುವ ಹಾಡ್ಜ್‌ಕಿನ್ ಲಿಂಫೋಮಾ, ವೃಷಣದ ಕ್ಯಾನ್ಸರ್ ಬಹುಪಾಲು ವಾಸಿಯಾಗುವಂಥವು. ವಾಸಿಯಾಗಿ, ಮದುವೆಯೂ ಆದ ಮೇಲೆ ಈ ಸಂಗತಿ ಮೊದಲ ಸಲ ಕಿವಿಗೆ ಬೀಳುವುದು ದೊಡ್ಡ ಅನ್ಯಾಯ.

ಅದಕ್ಕೇ ವೈದ್ಯರಲ್ಲಿ ನನ್ನ ಕೋರಿಕೆ: 'ಯಜಮಾನರೇ, ಐದು ನಿಮಿಷ ಹೊರಗೆ ಕೂತಿರ್ತೀರಾ?' ಅನ್ನಿ. ಹದಿನೆಂಟು ತುಂಬಿದವರ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಸ್ವತಃ ಅವರೇ, ಅಪ್ಪನಲ್ಲ. ಕೆಜಿಎಫ್‌ನವರ ಮನೆಮಾತು ತಮಿಳೋ ತೆಲುಗೋ ಆಗಿರಬಹುದು. ಆ ಮಾತು ಬಲ್ಲ ನರ್ಸ್ ಒಬ್ಬರು ಪಕ್ಕದಲ್ಲಿರಲಿ. ಕೆಲಸದ ಶಿಫ್ಟ್ ಯಾವುದು, ರಜೆ ಸಿಗುತ್ತದೆಯೇ, ಅದನ್ನೂ ಅವನನ್ನೇ ಕೇಳಿ.

ಇನ್ನೊಂದು ಮಾತನ್ನು ಅವನ ಕಣ್ಣು ನೋಡಿಯೇ ಹೇಳಬೇಕು. ಕಿಮೋ ಆದ ಕೆಲವು ದಿನಗಳಲ್ಲಿ ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಬರುವ ಜ್ವರ ಪ್ರಾಣಕ್ಕೇ ಕುತ್ತಾಗಬಹುದು. ಅಪ್ಪನ ನಿದ್ದೆ ಕೆಡುತ್ತದೆಂದು ಅವನು ಜ್ವರವನ್ನೂ ಮುಚ್ಚಿಟ್ಟು ಮಲಗಿಯಾನು. ಥರ್ಮಾಮೀಟರ್ 100.4 ತೋರಿಸಿದರೆ ಆ ರಾತ್ರಿಯೇ ಅಪ್ಪನನ್ನು ಎಬ್ಬಿಸು, ಹತ್ತಿರದ ಆಸ್ಪತ್ರೆಗೆ ಹೋಗು, ಬೆಳಗಿನ ರೈಲಿಗೆ ಕಾಯಬೇಡ ಅನ್ನಿ.