ಉಷ್ಣ, ಉಷ್ಣತೆ ಮತ್ತು ನಮ್ಮ ಮಕ್ಕಳು

(ನಾಗಪುರದ ಕನ್ನಡ ವಿದ್ಯಾರ್ಥಿಗಳು ಮತ್ತು ಪೋಷಕರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆದರೆ ಯಾವ ಕನ್ನಡ? ಹಬ್ಬದೂಟದ ಕನ್ನಡ, ಹಾಡು ನಾಟಕಗಳ ಕನ್ನಡ ನಮ್ಮಲ್ಲಿ ಉಳಿದಿದೆ. ‘ಏಕೆ’, ‘ಹೇಗೆ’ ಎಂದು ಕೇಳುವ ಕನ್ನಡ ಮಾತ್ರ ಮಕ್ಕಳ ನಾಲಗೆಯಿಂದ ಜಾರುತ್ತಿದೆ. ಭೌತಶಾಸ್ತ್ರದ ಪಾಠ ಬಂದೊಡನೆ ಮನೆಯಲ್ಲಿಯೂ ನಾವು ಇಂಗ್ಲಿಷಿಗೋ ಮರಾಠಿಗೋ ಹೊರಳುತ್ತೇವೆ. ಇದು ಅನಿವಾರ್ಯವಲ್ಲವೆಂದು ತೋರಿಸುವುದೇ ನನ್ನ ಉದ್ದೇಶ.

ಮೊದಲು ಚಲನೆಯನ್ನು ನೋಡೋಣ. ನಿಂತ ರೈಲು ತಟ್ಟನೆ ಜಗ್ಗಿ ಹೊರಟರೆ ಒಳಗೆ ನಿಂತವರು ಹಿಂದಕ್ಕೆ ವಾಲುತ್ತಾರೆ. ಬ್ರೇಕು ಬಿದ್ದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಇದ್ದ ಸ್ಥಿತಿಯಲ್ಲಿಯೇ ಇರುವ ಈ ಗುಣವೇ ಜಡತ್ವ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮದ ತಿರುಳು ಇದೇ. ಚಲಿಸುತ್ತಿರಲು ಬಲ ಬೇಕೆಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಬಲ ಬೇಕಾದುದು ಚಲನೆ ಬದಲಾಗಲು. ನೇರ ಹಳಿಯ ಮೇಲೆ ಒಂದೇ ವೇಗದಲ್ಲಿ ಓಡುವ ರೈಲಿನಲ್ಲಿ ಎಂಜಿನ್ನಿನ ಎಳೆತವೂ, ಗಾಳಿ ಮತ್ತು ಘರ್ಷಣೆಯ ತಡೆಯೂ ಸರಿಸಮ. ಒಟ್ಟು ಬಲ ಸೊನ್ನೆ. ಎಳೆತ ಮಿಗಿಲಾದಾಗ ವೇಗ ಏರುತ್ತದೆ, ಅದೇ ವೇಗೋತ್ಕರ್ಷ.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಬಲ, ಜಡತ್ವ, ಸಂವೇಗ ಎಂಬ ಪದಗಳು ಮರಾಠಿಯಲ್ಲಿಯೂ ಅವೇ. ಮರಾಠಿ ಶಾಲೆಯ ಮಗು ಕನ್ನಡದ ಅರ್ಧ ದಾರಿಯನ್ನು ಆಗಲೇ ನಡೆದಿದೆ. ಆದರೆ ಒಂದು ಕಡೆ ಎಚ್ಚರ ಬೇಕು. ಮರಾಠಿಯ ‘ಉಷ್ಣತಾ’ ಎಂದರೆ ನಮ್ಮ ಉಷ್ಣ, ಅಂದರೆ ಶಾಖ. ಕನ್ನಡದಲ್ಲಿ ನಾವು ‘ಉಷ್ಣತೆ’ ಎನ್ನುವುದು ಅವರ ‘ತಾಪಮಾನ’ವನ್ನು. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ಇಲ್ಲಿಯೇ ಎಡವುತ್ತದೆ.

ವ್ಯತ್ಯಾಸವನ್ನು ಅಡುಗೆಮನೆಯಲ್ಲಿಯೇ ತಿಳಿಸಬಹುದು. ಕುದಿಯುವ ಒಂದು ಲೋಟ ನೀರಿನ ಉಷ್ಣತೆ ಹೆಚ್ಚು. ಆದರೆ ಒಂದು ಬಕೆಟ್ ಬೆಚ್ಚನೆಯ ನೀರು ಅದಕ್ಕಿಂತ ಎಷ್ಟೋ ಹೆಚ್ಚು ಮಂಜುಗಡ್ಡೆಯನ್ನು ಕರಗಿಸಬಲ್ಲದು. ಅದು ಕೊಡಬಲ್ಲ ಉಷ್ಣ ಹೆಚ್ಚು. ಉಷ್ಣತೆ ಮಟ್ಟ, ಉಷ್ಣ ಮೊತ್ತ.

ಇನ್ನು ನಮ್ಮ ಮೇ ತಿಂಗಳು. ಪಾದರಸ 45 ಡಿಗ್ರಿ ದಾಟುವ ಈ ಊರಿನಲ್ಲಿ ಕೂಲರಿಲ್ಲದ ಮನೆ ವಿರಳ. ಅದರ ಖಸ್ ಪರದೆ ನಮ್ಮ ಲಾವಂಚದ ಬೇರೇ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲೊರಿ ಸಾಕು. ಅದೇ ನೀರು ಕೋಣೆಯ ಗಾಳಿಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಆ ಉಷ್ಣವನ್ನು ನೀರು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ, ಗಾಳಿ ತಣಿಯುತ್ತದೆ. ಆವಿಯೊಳಗೆ ಅಡಗಿ ಹೋಗುವ ಈ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು. ಪದವೇ ಪಾಠ ಹೇಳುತ್ತದೆ! ಜುಲೈ ತಿಂಗಳ ಮಳೆಗಾಳಿಯಲ್ಲಿ ಇದೇ ಕೂಲರು ಸೋಲುವುದೇಕೆ? ತೇವ ತುಂಬಿದ ಗಾಳಿಯಲ್ಲಿ ನೀರು ಬೇಗ ಆರದು. ಮಂಗಳೂರಿನ ಬಂಧುಗಳ ಮನೆಯಲ್ಲಿ ಬೇಸಿಗೆಯಲ್ಲೂ ಕೂಲರು ಕಾಣದಿರುವುದಕ್ಕೆ ಇದೇ ಕಾರಣ.

ಇಂಥ ಮಾತು ಕನ್ನಡಕ್ಕೆ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಕನ್ನಡಕ್ಕೆ ಶಕ್ತಿ ಸಾಲದೆಂಬ ಮಾತನ್ನು ಅವರು ಕೆಲಸದಿಂದಲೇ ಸುಳ್ಳಾಗಿಸಿದ್ದಾರೆ.

ಪರೀಕ್ಷೆಯನ್ನು ಮಕ್ಕಳು ಯಾವ ಭಾಷೆಯಲ್ಲಿಯಾದರೂ ಬರೆಯಲಿ. ಈ ನಾಡಿನ ಭಾಷೆಯನ್ನು ಪ್ರೀತಿಯಿಂದಲೇ ಕಲಿಯಲಿ. ಆದರೆ ಸೂತ್ರವನ್ನು ಉರುಹೊಡೆದ ಮಗುವಿಗೆ, “ಇದನ್ನು ಅಜ್ಜಿಗೆ ಅರ್ಥವಾಗುವಂತೆ ಹೇಳು, ಮಗು” ಎಂದು ಕೇಳಿ ನೋಡಿ. ಹೇಳಬಲ್ಲದಾದರೆ ಪಾಠವೂ ತಿಳಿದಿದೆ, ಕನ್ನಡವೂ ಉಳಿದಿದೆ. ಹೊರನಾಡಿನಲ್ಲಿ ಕನ್ನಡ ಅಡುಗೆಮನೆಯ ಭಾಷೆಯಾಗಿಬಿಟ್ಟಿತೆಂದು ಕೊರಗುತ್ತೇವೆ. ಆ ಅಡುಗೆಮನೆಯಲ್ಲಿ ನೀರು ಕುದಿಯುತ್ತದೆ, ಮಂಜುಗಡ್ಡೆ ಕರಗುತ್ತದೆ, ಮಡಕೆ ತಣ್ಣಗಾಗುತ್ತದೆ. ಅಲ್ಲಿಂದಲೇ ಪ್ರಾರಂಭಿಸೋಣ.