ನಿಂತ ಕಾಡನ್ನು ಅಳೆಯುವ ಬಗೆ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಣಜದಲ್ಲಿ ಎಷ್ಟು ಧಾನ್ಯವಿದೆಯೆಂಬುದನ್ನು ಅರಿಯದೆ ದಿನದಿನವೂ ತೆಗೆದು ಉಣ್ಣುವ ಮನೆಯು ಸುಗ್ಗಿಗೆ ಮುನ್ನವೇ ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಹಿರಿಯರ ಮಾತು ಮನೆಗೆ ಹೇಗೋ ದೇಶಕ್ಕೂ ಹಾಗೆಯೇ ಸಲ್ಲುತ್ತದೆ. ಕಾಡೂ ದೇಶದ ಒಂದು ಕಣಜ. ಧಾನ್ಯವನ್ನಾದರೆ ಕೊಳಗದಿಂದ ಅಳೆಯಬಹುದು. ಕೋಟಿ ಕೋಟಿ ಮರಗಳು ನಿಂತಿರುವ ಕಾಡಿನಲ್ಲಿ ಎಷ್ಟು ಮರಮುಟ್ಟಿದೆಯೆಂಬುದನ್ನು, ಅದನ್ನು ಕಡಿದು ರಾಶಿ ಹಾಕದೆ, ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಮೊದಲು ಒಂದೇ ಮರವನ್ನು ತೆಗೆದುಕೊಳ್ಳೋಣ. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು ೮೦ ಸೆಂಟಿಮೀಟರ್, ಅದೇ ಗಳಿಗೆಯಲ್ಲಿ ಮರದ ನೆರಳು ೧೬ ಮೀಟರ್ ಇದ್ದರೆ, ಮರದ ಎತ್ತರ ೨೦ ಮೀಟರ್ ಎಂದು ತ್ರೈರಾಶಿ ಬಲ್ಲ ಯಾವ ವಿದ್ಯಾರ್ಥಿಯೂ ಹೇಳಬಲ್ಲನು. ಎದೆಯ ಮಟ್ಟದಲ್ಲಿ ಕಾಂಡದ ಸುತ್ತಳತೆ ೧೫೭ ಸೆಂಟಿಮೀಟರ್ ಆದರೆ ಅದರ ವ್ಯಾಸ ೫೦ ಸೆಂಟಿಮೀಟರ್. ಮರವು ಬುಡದಿಂದ ತುದಿಯವರೆಗೆ ಕಂಬದಂತೆ ಒಂದೇ ದಪ್ಪವಾಗಿದ್ದರೆ ಅದರ ಘನಫಲ ಸುಮಾರು ೩.೯ ಘನಮೀಟರ್ ಆಗುತ್ತಿತ್ತು. ಆದರೆ ಮರವು ಮೇಲೆ ಹೋದಂತೆ ಸಣ್ಣಗಾಗುತ್ತದೆ. ಆದುದರಿಂದ ಹಲವು ಮರಗಳಲ್ಲಿ ಅದರ ಸುಮಾರು ಅರ್ಧ, ಅಂದರೆ ೨ ಘನಮೀಟರ್‌ನಷ್ಟು, ನಿಜವಾದ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಯಾವ ಜಾತಿಯ ಮರಕ್ಕೆ ಎಷ್ಟು ಪಾಲು ಎಂಬುದನ್ನು ಅರಣ್ಯಶಾಸ್ತ್ರಜ್ಞರು ಅನೇಕ ಮರಗಳನ್ನು ಅಳೆದು ಕೋಷ್ಟಕಗಳಲ್ಲಿ ಬರೆದಿಟ್ಟಿದ್ದಾರೆ.

ಒಂದು ಮರದ ಮಾತು ಹೀಗಾಯಿತು. ಇಡೀ ದೇಶವನ್ನು ಅಳೆದವರ ಕಥೆಗೆ ಯೂರೋಪಿನ ಉತ್ತರದಲ್ಲಿರುವ ಫಿನ್ಲೆಂಡಿಗೆ ಹೋಗೋಣ. ಅಲ್ಲಿಯ ನೆಲದ ಮುಕ್ಕಾಲು ಪಾಲು ಕಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡು ಸುಟ್ಟು ಬೇಸಾಯ ಮಾಡುವವರೂ, ಟಾರು ಇಳಿಸುವವರೂ, ಮರ ಕೊಯ್ಯುವ ಕಾರ್ಖಾನೆಯವರೂ ಆ ಕಾಡನ್ನೇ ನೆಚ್ಚಿಕೊಂಡಿದ್ದರು. ೧೮೫೮ರಲ್ಲಿ ಜರ್ಮನಿಯ ಅರಣ್ಯತಜ್ಞ ಎಡ್ಮಂಡ್ ಫಾನ್ ಬರ್ಗ್ ಎಂಬವರು ಅಲ್ಲಿ ಸಂಚರಿಸಿ, ಕಾಡಿನ ಸ್ಥಿತಿ ಶೋಚನೀಯವೆಂದು ವರದಿ ಮಾಡಿದರು. ಆದರೆ ಎಷ್ಟು ಉಳಿದಿದೆ, ಎಷ್ಟು ಬೆಳೆಯುತ್ತಿದೆ ಎಂಬುದನ್ನು ದೇಶದುದ್ದಕ್ಕೂ ನಡೆದು ಅಳೆದವರು ಅಂದು ಯಾರೂ ಇರಲಿಲ್ಲ.

ಆ ಕೆಲಸ ೧೯೨೧ರಲ್ಲಿ ಆರಂಭವಾಗಿ ೧೯೨೪ರಲ್ಲಿ ಮುಗಿಯಿತು. ಅದರ ಮುಂದಾಳು ಯೂರ್ಯೊ ಇಲ್ವೆಸ್ಸಾಲೊ. ಅವರು ದೇಶದ ನಕ್ಷೆಯ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ ೨೬ ಕಿಲೋಮೀಟರ್ ಅಂತರದಲ್ಲಿ ಸಮಾಂತರ ರೇಖೆಗಳನ್ನು ಎಳೆದರು. ಅಲ್ಲಿಯ ದಿಣ್ಣೆಗಳೂ ಸರೋವರಗಳೂ ಹೆಚ್ಚಾಗಿ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿರುವುದರಿಂದ ಈ ರೇಖೆಗಳು ಎಲ್ಲ ಬಗೆಯ ನೆಲವನ್ನೂ ಅಡ್ಡಹಾಯುತ್ತಿದ್ದವು. ಅಳೆಯುವ ತಂಡಗಳು ಆ ರೇಖೆಗಳನ್ನು ಹಿಡಿದು ನಡೆದವು. ದಾರಿಯ ಕಾಡನ್ನು ಕಣ್ಣಳತೆಯಿಂದ ಬರೆದುಕೊಂಡವು. ಗೊತ್ತಾದ ಜಾಗಗಳಲ್ಲಿ ನೆಲವನ್ನು ಗುರುತಿಸಿ ಮರಗಳನ್ನು ನಿಜವಾಗಿ ಅಳೆದವು. ಬಳಿಕ ಆ ಅಳತೆಯಿಂದ ಕಣ್ಣಿನ ಲೆಕ್ಕವನ್ನು ತಿದ್ದಲಾಯಿತು.

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ತಾಯಂದಿರು ಒಂದು ಅಗುಳನ್ನು ಹಿಸುಕುತ್ತಾರೆ. ಇದನ್ನೇ ಪಂಡಿತರು ಸ್ಥಾಲೀಪುಲಾಕ ನ್ಯಾಯವೆನ್ನುತ್ತಾರೆ. ಆದರೆ ಪಾತ್ರೆಯ ಅನ್ನ ಹೆಚ್ಚುಕಡಮೆ ಒಂದೇ ಸಮ ಬೇಯುತ್ತದೆ, ಕಾಡು ಹಾಗಲ್ಲ. ಒಂದೆಡೆ ಹೆಮ್ಮರ, ಇನ್ನೊಂದೆಡೆ ಪೊದೆ, ಮತ್ತೊಂದೆಡೆ ಬಂಡೆ. ಆದುದರಿಂದ ಎಲ್ಲ ಮೂಲೆಗಳಿಂದಲೂ ಅಗುಳನ್ನು ಆರಿಸಬೇಕು; ಆರಿಸುವಾಗ ನಮ್ಮ ಇಷ್ಟಕ್ಕೆ ಎಡೆಗೊಡಬಾರದು. ದಾರಿ ಸುಗಮವಾಗಿರುವಲ್ಲಿ, ಮರ ಚೆನ್ನಾಗಿರುವಲ್ಲಿ ಮಾತ್ರ ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ರೇಖೆಯು ಜೌಗಿಗೆ ಹೋದರೆ ಅಳೆಯುವವನೂ ಜೌಗಿಗೆ ಇಳಿಯಬೇಕು. ಊಹೆಗೂ ಅಂದಾಜಿಗೂ ಇರುವ ಭೇದ ಇಲ್ಲಿದೆ. ಊಹೆಯು ತನ್ನ ತಪ್ಪೆಷ್ಟೆಂದು ಹೇಳಲಾರದು. ಸರಿಯಾದ ಅಂದಾಜಾದರೋ, ತುಂಡು ತುಂಡು ಅಳತೆಗಳ ನಡುವಣ ವ್ಯತ್ಯಾಸವನ್ನು ನೋಡಿ, ತಾನು ಎಷ್ಟು ಹೆಚ್ಚು ಅಥವಾ ಎಷ್ಟು ಕಡಮೆ ಇರಬಹುದೆಂಬುದನ್ನೂ ಹೇಳುತ್ತದೆ.

ಆ ಮೊದಲ ಎಣಿಕೆಯಲ್ಲಿ ಸುಮಾರು ೧೬೦ ಕೋಟಿ ಘನಮೀಟರ್ ಮರಮುಟ್ಟಿದೆಯೆಂದು ಕಂಡುಬಂದಿತು. ಅಂದಿನಿಂದ ಅಳತೆ ಮತ್ತೆ ಮತ್ತೆ ನಡೆದಿದೆ. ೧೯೬೦ರ ಸುಮಾರಿಗೆ ಕಡಿತವು ಬೆಳವಣಿಗೆಯನ್ನು ಮೀರಿದಾಗ ಈ ಲೆಕ್ಕವೇ ದೇಶವನ್ನು ಎಚ್ಚರಿಸಿತು. ಕಾಡು ಬೆಳೆಸುವ ಕಾರ್ಯ ಬಿರುಸಾಯಿತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು ಹತ್ತನೆಯ ಒಂದು ಪಾಲು ನೆಲವನ್ನು ಕಳೆದುಕೊಂಡರೂ ಇಂದು ಆ ದೇಶದಲ್ಲಿ ಸುಮಾರು ೨೫೦ ಕೋಟಿ ಘನಮೀಟರ್ ಮರ ನಿಂತಿದೆ. ಆದರೆ ಘನಮೀಟರ್ ಹೆಚ್ಚಿದ ಮಾತ್ರಕ್ಕೆ ಕಾಡಿನ ಕ್ಷೇಮವೆಲ್ಲವೂ ಹೆಚ್ಚಿತೆಂದು ತಿಳಿಯಬಾರದು. ಮರ ಬೆಳೆಸಲೆಂದು ಜೌಗುಗಳ ನೀರನ್ನು ಬಸಿದಾಗ ಅಲ್ಲಿಯ ಜೀವಿಗಳು ನೆಲೆ ಕಳೆದುಕೊಂಡವು. ಲೆಕ್ಕವು ತಾನು ಅಳೆದುದನ್ನು ಮಾತ್ರ ಹೇಳುತ್ತದೆ.

ನಮ್ಮ ದೇಶದಲ್ಲಿ ಈ ಹೊಣೆಯನ್ನು ೧೯೮೧ರಲ್ಲಿ ಸ್ಥಾಪಿತವಾದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಹೊತ್ತಿದೆ. ಅದರ ೨೦೨೩ರ ವರದಿಯಂತೆ ಭಾರತದಲ್ಲಿ ನಿಂತ ಮರಮುಟ್ಟು ಸುಮಾರು ೬೪೩ ಕೋಟಿ ಘನಮೀಟರ್. ಅದರಲ್ಲಿ ೧೯೫ ಕೋಟಿ ಘನಮೀಟರ್ ಇರುವುದು ಕಾಡಿನ ಹೊರಗೆ: ಹೊಲದ ಬದುಗಳಲ್ಲಿ, ರಸ್ತೆಯ ಪಕ್ಕದಲ್ಲಿ, ಊರ ಅಂಗಳಗಳಲ್ಲಿ. ಪೋಷಕ ಮಹನೀಯರು ಈ ಅಂಕಿಯನ್ನು ಗಮನಿಸಬೇಕೆಂದು ಕೋರುತ್ತೇವೆ. ನಮ್ಮ ತಾಳವಾಡಿಯ ಸುತ್ತಣ ಬೆಟ್ಟಗಾಡು ಸರಕಾರದ ಕಾವಲಿನಲ್ಲಿದೆ. ಆದರೆ ಹೊಲದ ಹುಣಸೆಯೂ ಬೇವೂ ನಿಮ್ಮ ಕಾವಲಿನಲ್ಲಿವೆ. ಮದುವೆಯ ಖರ್ಚಿಗೆಂದೋ ಸಾಲದ ಬಡ್ಡಿಗೆಂದೋ ಒಂದು ಮರವನ್ನು ಮಾರುವ ಮುನ್ನ, ಅದರ ಸುತ್ತಳತೆಯನ್ನೂ ಎತ್ತರವನ್ನೂ ನಿಮ್ಮ ಮಕ್ಕಳಿಂದ ಅಳೆಯಿಸಿರಿ. ವ್ಯಾಪಾರಿಯ ಕಣ್ಣಳತೆಗೆ ತಲೆಬಾಗಬೇಕಾದ ಪ್ರಮೇಯವಿರದು. ಆ ಮರ ಅಷ್ಟಾಗಲು ಎಷ್ಟು ವರ್ಷ ಹಿಡಿಯಿತೆಂಬ ಯೋಚನೆಯೂ ಬಂದೀತು.

ವಿದ್ಯಾರ್ಥಿಗಳೇ, ನಾಳೆ ಒಂದು ದಾರ, ಒಂದು ಕೋಲು, ಒಂದು ಪುಸ್ತಕ ಹಿಡಿದು ಶಾಲೆಯ ಆವರಣದ ಮರಗಳ ಬಳಿಗೆ ಬನ್ನಿರಿ. ಮೊದಲು ಕಣ್ಣಳತೆಯ ಸಂಖ್ಯೆಯನ್ನು ಬರೆಯಿರಿ, ಆಮೇಲೆ ಅಳೆಯಿರಿ. ಎರಡಕ್ಕೂ ನಡುವೆ ಎಷ್ಟು ಅಂತರವಿದೆಯೆಂದು ನೋಡಿದಾಗ, ನೀವು ತರಗತಿಯಲ್ಲಿ ಕನ್ನಡದಲ್ಲಿ ಕಲಿತ ಗಣಿತಕ್ಕೆ ಎಂಥ ಬಲವಿದೆಯೆಂಬುದು ನಿಮಗೇ ತಿಳಿದುಬರುವುದು.